ಯಾರೂ ಒಯ್ಯದ ಗೊಂಬೆಗಳು

ತಮ್ಮನಿಗೆ ಹೊದಿಸಲು ಮಡಿ ಪಂಚೆ ಹುಡುಕುತ್ತ ದ್ಯಾಮಕ್ಕ ತಗಡಿನ ಪೆಟ್ಟಿಗೆಗೆ ಕೈ ಹಾಕಿದಳು. ಕೈಗೆ ಬಂದದ್ದು ಪಂಚೆಯಲ್ಲ, ಗೇಣುದ್ದದ ಪ್ಲಾಸ್ಟಿಕ್ ಗೊಂಬೆ. ಕೋಡಿನ ತಲೆ, ಕೆಂಪು ಕಣ್ಣು. ಅದರಡಿಯಲ್ಲಿ ಬುರುಡೆ ಮೋರೆಯದೊಂದು, ಹಸಿರು ಮೈಯದೊಂದು, ಕೈಯಿರುವಲ್ಲಿ ಕಬ್ಬಿಣದ ಕೊಕ್ಕೆ ಇದ್ದದ್ದೊಂದು. ಪೆಟ್ಟಿಗೆಯ ತುಂಬ ಅವೇ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಆಟಿಕೆ ಮಾರುತ್ತಿದ್ದ ಕರಿಸಿದ್ದಪ್ಪ ಮಲಗಿದವನು ಏಳಲಿಲ್ಲವೆಂದು ನಸುಕಿನಲ್ಲಿ ತೆಲಿಗಿಯ ಎಸ್‌ಟಿಡಿ ಅಂಗಡಿಗೆ ಫೋನು ಬಂದಿತ್ತು. ಮೊದಲ ಬಸ್ಸಿಗೆ ಅಕ್ಕ ಬಂದಳು, ಜೊತೆಗೆ ಸೋದರಮಾವ ಬೊಮ್ಮಪ್ಪ. ಹೆಂಡತಿ ಮಕ್ಕಳಿಲ್ಲದವನ ಬಾಡಿಗೆ ಕೋಣೆಯಲ್ಲಿ ಅಳುವ ದನಿಯೂ ಒಂದೇ ಆಗಿತ್ತು.

ಬಾಗಿಲಲ್ಲಿ ನಿಂತಿದ್ದ ನೆರೆಮನೆಯ ಬಸಲಿಂಗಮ್ಮ ಗೊಂಬೆ ಕಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಯ್ಯ ಶಿವನ, ಮಾಟದ ಗೊಂಬಿ ಅದಾವಲ್ಲ. ಅದಕ್ಕ ಈತ ಯಾರನ್ನೂ ಒಳಗ ಕರೀತಿದ್ದಿಲ್ಲ.”

ಸತ್ತವರಿಗೆ ಬಾಯಿಲ್ಲ, ಇದ್ದವರ ಬಾಯಿಗೆ ಬಾಗಿಲಿಲ್ಲ. ಮಾತು ಅಂಗಳಕ್ಕೆ ಇಳಿಯಿತು. ಚಟ್ಟ ಕಟ್ಟುತ್ತಿದ್ದ ದುರುಗಪ್ಪ ಹುರಿ ಬಿಟ್ಟು ಎದ್ದ.

“ನಾ ಹೆಗಲು ಕೊಡಂಗಿಲ್ರಿ. ಮನ್ಯಾಗ ಬಾಣಂತಿ ಅದಾಳ.”

ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. “ಪೂಜಾರಪ್ಪನ್ನ ಕರಸ್ರಿ. ಆ ಗೊಂಬಿ ಸುಟ್ಟ ಮ್ಯಾಲೆ ಹೆಗಲು ಕೊಡೋದು ನೋಡೋಣು” ಎಂದ ಒಬ್ಬ.

ದ್ಯಾಮಕ್ಕ ಗೊಂಬೆಯನ್ನು ಕೆಳಗಿಡಲಿಲ್ಲ. ಹೆಗಲು ಹೇಗೋ ಸಿಕ್ಕೀತು. ಆದರೆ ಮಾಟಗಾರನೆಂಬ ಹೆಸರು ಹೊತ್ತು ತಮ್ಮ ಮಣ್ಣಿಗೆ ಹೋಗುವುದನ್ನು ಅವಳು ಒಪ್ಪಲಾರಳು.

*

ಹೋದ ವರ್ಷ ಕಂಬಳಿ ಮಾರಲು ಬಂದಾಗ ಅವಳು ಅವನ ತಳ್ಳುಗಾಡಿಯ ಪಕ್ಕ ಕುಳಿತಿದ್ದಳು. ಮಕ್ಕಳು ಬಂದು ಕಾಮಿಕ್ಸ್ ಪುಸ್ತಕದ ಶೂರರನ್ನೇ ಆರಿಸಿಕೊಂಡು ಹೋದರು. ಗಾಡಿಯಲ್ಲಿ ಉಳಿದವರು ಆ ಕತೆಗಳ ಕೇಡಿಗರು.

“ಇವನ್ನ ಯಾಕ ತರ್ತೀಯೋ?”

“ಜೋಡಿ ಮ್ಯಾಲೆ ಬರ್ತಾವಕ್ಕ. ಬಡಿಯವನು ಒಬ್ಬ, ಬಡಿಸಿಕೊಳ್ಳವನು ಒಬ್ಬ. ಒಯ್ಯೋದು ಬಡಿಯವನ್ನ ಅಷ್ಟ.”

“ಉಳದವನ್ನ ತಿಪ್ಪಿಗೆ ಒಗಿ.”

“ಮನಸ್ಸಾಗಂಗಿಲ್ಲ. ದಿನಾ ಒರಸಿ ಇಡ್ತೀನಿ. ಸಂಜಿಮುಂದ ಬಾಗಲ ತೆಗದರ ಒಳಗ ಯಾರರ ಇದ್ದಂಗ ಆಗತೈತಿ.”

ಅವಳು ನಕ್ಕಿದ್ದಳು. ಹುಚ್ಚಪ್ಪ ಎಂದು ಬೈದು, ಬಸ್ಸು ತಪ್ಪೀತೆಂದು ಎದ್ದು ಹೋಗಿದ್ದಳು.

*

ದ್ಯಾಮಕ್ಕ ಗೊಂಬೆ ಹಿಡಿದು ಅಂಗಳಕ್ಕೆ ಬಂದಳು.

“ಮಾವ, ಊರ ಬಯಲಾಟದಾಗ ನೀವು ಏನು ವೇಷ ಕಟ್ತಿದ್ರಿ?”

ಬೊಮ್ಮಪ್ಪ ತಬ್ಬಿಬ್ಬಾದ. “ರಾಕ್ಷಸಂದು. ಅದು ಈಗ್ಯಾಕವ್ವ?”

“ನಿಮ್ಮನ್ನ ನೋಡಿ ಕೂಸುಗಳು ಚೀರತಿದ್ವು. ಬೆಳಗಾಗಿ ಬಣ್ಣ ತೊಳಕೊಂಡು ಬಂದರ ನಮ್ಮವ್ವ ಬಿಸಿ ರೊಟ್ಟಿ ಹಾಕ್ತಿದ್ಲು. ಯಾವತ್ತರ ಮಾಟಗಾರ ಅಂದಿದ್ಲೇನು?”

ಅವಳು ಗೊಂಬೆಯನ್ನು ಅವನ ಮುಂದೆ ಹಿಡಿದಳು.

“ಇವೂ ಆಟದ ರಾಕ್ಷಸರು ಮಾವ. ಹುಡುಗರು ಒಯ್ಯಲಿಲ್ಲ, ನನ್ನ ತಮ್ಮ ಇಟಗೊಂಡ.”

ಬೊಮ್ಮಪ್ಪ ಗೊಂಬೆಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. “ನನಗಿಂತ ಇವನ ಮೋರಿ ಚಲೋ ಐತಿ ಬಿಡು” ಎಂದು ರುಮಾಲು ಬಿಗಿದುಕೊಂಡು ಚಟ್ಟದ ತಲೆಯ ಕಡೆ ಹೋಗಿ ಕುಕ್ಕರಗಾಲಲ್ಲಿ ಕುಳಿತ.

“ದುರುಗಪ್ಪ, ಹುರಿ ಬಿಗಿಯೋ. ಬಾಣಂತಿಗೆ ಏನಾರ ಆದರ ಈ ರಾಕ್ಷಸನ್ನ ಬಂದು ಕೇಳು.”

ದುರುಗಪ್ಪ ತಲೆ ತಗ್ಗಿಸಿ ಹುರಿ ಎತ್ತಿಕೊಂಡ.

*

ಸಂಜೆ ಮಣ್ಣು ಮಾಡಿ ಬಂದವರು ದೀಪ ನೋಡಿ ಹೊರಟುಹೋದರು. ದ್ಯಾಮಕ್ಕ ಒಬ್ಬಳೇ ಉಳಿದಳು. ತಮ್ಮ ಮಲಗಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಅವಳು ಗೊಂಬೆಗಳನ್ನು ಒಂದೊಂದಾಗಿ ಸೆರಗಿನಿಂದ ಒರಸಿ ಅದರ ಸುತ್ತ ನಿಲ್ಲಿಸಿದಳು. ಕೋಡಿನ ನೆರಳು, ಕೊಕ್ಕೆಯ ನೆರಳು, ಬುರುಡೆಯ ನೆರಳು ಗೋಡೆಯ ಮೇಲೆ ಆಳೆತ್ತರ ಎದ್ದು ಹೆಗಲಿಗೆ ಹೆಗಲು ಹಚ್ಚಿ ನಿಂತವು.

ಅವಳು ಕೈಮುಗಿದಳು.

“ಮೈಲಾರಲಿಂಗ, ನನ್ನಪ್ಪ, ಎಲ್ಲಾರೂ ತಮಗ ಬೇಕಾದವರನ್ನ ಆರಿಸಿಕೊಂಡು ಹೋದರು. ಉಳದವನು ಈ ನನ್ನ ತಮ್ಮ. ನೀನರ ಒಯ್ಯಿ. ನಿನ್ನ ಪಾದದಾಗ ತಣ್ಣಗ ಇರಲಿ.”