ನೂರಕ್ಕೆ ತೊಂಬತ್ತೊಂಬತ್ತು

ಮೈದಾ ಅಂಟು ಕುದಿಯುವಾಗ ಏಳುವ ಆ ಹಸಿ ವಾಸನೆ ಮೂಗಿಗೆ ಬಿದ್ದರೆ ಸಾಕು, ಲೈಬ್ರರಿ ಮೇಡಂಗೆ ತಂದೆ ನೆನಪಾಗುತ್ತಿದ್ದರು. ಅವರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಪುಟ್ಟ ಮಗಳು ಬ್ರಷ್ ಎತ್ತಿಕೊಂಡಾಗಲೆಲ್ಲ, "ಅಂಟು ಹಚ್ಚೋಕೆ ಮುಂಚೆ ಪುಟ ಸರಿ ಇದೆಯಾ ನೋಡಮ್ಮ. ಆಮೇಲೆ ಬಿಡಿಸೋದು ಕಷ್ಟ" ಎನ್ನುತ್ತಿದ್ದರು.

ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಮೇಡಂ ಕಾಲೇಜಿನ ಲೈಬ್ರರಿ ಬಾಗಿಲಲ್ಲಿ ಮೇಜು ಹಾಕಿಕೊಂಡು, ಹಾಸ್ಟೆಲ್ ಹುಡುಗಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಅರ್ಜಿ ತುಂಬಿಸುತ್ತಿದ್ದರು. ಫೋಟೊ ಅಂಟಿಸಲು ಮನೆಯಲ್ಲೇ ಕುದಿಸಿ ತಂದ ಅದೇ ಅಂಟು. ಹಾಸ್ಟೆಲಿನಲ್ಲಿ ಸರಿಯಾಗಿ ನೂರು ಜನ. ಎರಡು ವಾರದಲ್ಲಿ ನೂರು ಅರ್ಜಿಯೂ ಆಗಿ, ಪ್ರಿನ್ಸಿಪಾಲರು ತಾವೇ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ‘ನೂರಕ್ಕೆ ನೂರು’ ಎಂದು ಬರೆದರು. ಅವತ್ತು ಮೇಡಂ ಕಾಲು ನೆಲದ ಮೇಲಿರಲಿಲ್ಲ ಎಂದು ಅಟೆಂಡರ್ ಈಗಲೂ ರೇಗಿಸುತ್ತಾನೆ.

ಅರ್ಜಿಗಳನ್ನು ಚುನಾವಣಾ ಕಚೇರಿಗೆ ಕೊಟ್ಟುಬಂದ ಮರುದಿನವೇ ಕೊನೆಯ ದಿನಾಂಕ. ಅವತ್ತು ಬೆಳಿಗ್ಗೆ ಸೂಜಿ ಬಂದು ಮೇಜಿನ ಮುಂದೆ ನಿಂತಳು. ಕಡ್ಡಿಯಂಥ ಹುಡುಗಿ, ಸಾಲದ್ದಕ್ಕೆ ಟೈಲರ್ ಮೊಮ್ಮಗಳು. ಗೆಳತಿಯರು ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಇಲ್ಲಿ ಹೆಸರಿದ್ದರೂ ಊರಿಗೆ ಹೋಗಿ ಓಟು ಹಾಕಬಹುದಲ್ಲವೇ ಎಂದು ಕೇಳಿದಳು. ಒಬ್ಬರಿಗೆ ಒಂದೇ ಕಡೆ, ನಿನಗೆ ಇಲ್ಲೇ ಎಂದರು ಮೇಡಂ. ಅವಳ ಮುಖ ಬಾಡಿತು.

ಅವಳ ತಾತನಿಗೆ ಒಂಬತ್ತು ವರ್ಷದಿಂದ ಕಣ್ಣು ಕಾಣದು. ಮತಗಟ್ಟೆಯೊಳಗೆ ಜೊತೆಗೊಬ್ಬರನ್ನು ಕರೆದೊಯ್ಯಬಹುದು, ಆದರೆ ಅವರಿಗೆ ಹದಿನೆಂಟು ತುಂಬಿರಬೇಕು. ಅಮ್ಮ ನರ್ಸು, ಮತದಾನದ ದಿನ ರಜೆ ಸಿಕ್ಕಿದ್ದೇ ಇಲ್ಲ. ಹಾಗಾಗಿ ಹೋದ ಸಲ ಪಕ್ಕದ ಮನೆಯಾತ ಜೊತೆಗೆ ಹೋಗಿದ್ದ. ತಾನು ಹೇಳಿದವರಿಗೇ ಅವನು ಓಟು ಹಾಕಿದನೋ, ಅವನಿಗೆ ಬೇಕಾದವರಿಗೆ ಹಾಕಿದನೋ ಎಂಬ ಅನುಮಾನ ತಾತನನ್ನು ಇಂದಿಗೂ ಬಿಟ್ಟಿರಲಿಲ್ಲ. ಮೊಮ್ಮಗಳಿಗೆ ಹದಿನೆಂಟಾಗಲಿ ಎಂದು ಕಾದು ಕೂತಿದ್ದರು. ಊರು ಒಂದು ದಿನದ ದಾರಿ. ಎರಡೂ ಕಡೆ ಮತದಾನ ಒಂದೇ ದಿನ.

"ಇಲ್ಲಿ ಹಾಕಿದ್ರೆ ತಾತಂದು ಹೋಯ್ತು ಮೇಡಂ. ತಾತನ ಜೊತೆ ಹೋದ್ರೆ ನಂದು ಹೋಯ್ತು."

"ಮೊದಲೇ ಹೇಳಬಾರದಿತ್ತೇನೇ?"

"ಹೇಳೋಕೆ ಬಂದಿದ್ದೆ. ಹಿಂದೆ ಸಾಲಿತ್ತಲ್ಲ" ಎಂದಳು ಸೂಜಿ, ತಪ್ಪು ತನ್ನದೇ ಎಂಬಂತೆ.

ಅವತ್ತು ಅರ್ಜಿ ತುಂಬಿಸುವಾಗ ತಾವು ಅವಳಿಗೆ ಆಡಿದ ಮಾತೇ ಮೇಡಂ ಕಿವಿಗೆ ಬಂದು ಬಡಿಯಿತು. ‘ಆದ್ರೆ ಗೀದ್ರೆ ಆಮೇಲೆ, ಸಹಿ ಹಾಕು.’ ಮನೆಯ ವಿಳಾಸವೋ ಹಾಸ್ಟೆಲಿನದೋ ಎಂದು ನೂರರಲ್ಲಿ ಒಬ್ಬಳನ್ನೂ ಕೇಳಿರಲಿಲ್ಲ. ಪುಟ ನೋಡದೆ ಅಂಟು ಹಚ್ಚಿದ್ದರು.

ಊಟದ ಹೊತ್ತಿಗೆ ಮೆಸ್ಸಿನ ನಡುವೆ ನಿಂತು, ಹೆಸರನ್ನು ಊರಲ್ಲಾದರೂ ಇಲ್ಲಾದರೂ ಒಂದು ಕಡೆ ಸೇರಿಸಬಹುದೆಂದು ಎರಡೂ ದಾರಿಗಳನ್ನು ಬಿಡಿಸಿ ಹೇಳಿದರು. ಮೊದಲೇ ಹೇಳದಿದ್ದದ್ದು ತಮ್ಮ ತಪ್ಪು ಎಂದೂ ಹೇಳಿದರು. ಬೆಂಚು ಬೆಂಚಿಗೂ ಹೋಗಿ ಒಬ್ಬೊಬ್ಬಳನ್ನೂ ಕೇಳಿದರು. ಊರಿಗೆ ಹೋದರೆ ಯಾರಿಗೆ ಹಾಕಬೇಕೆಂದು ಅಪ್ಪ ದಾರಿಯುದ್ದಕ್ಕೂ ಪಾಠ ಮಾಡುತ್ತಾರೆ, ನನಗೆ ಇಲ್ಲೇ ಸುಖ ಎಂದು ಒಬ್ಬಳು ನಗಿಸಿದಳು. ತೊಂಬತ್ತೊಂಬತ್ತು ಜನ ಇಲ್ಲೇ ಎಂದರು.

ಮೇಡಂ ಸೂಜಿಯ ಕೈ ಹಿಡಿದುಕೊಂಡು ಕಚೇರಿಗೆ ಓಡಿದರು. ಗುಮಾಸ್ತ ಕಟ್ಟಿಟ್ಟ ಗಂಟನ್ನೂ ಇವರನ್ನೂ ನೋಡಿದ.

"ನಿನ್ನೆ ತಾನೇ ಮನೆ ತುಂಬಿಸಿದ್ರಿ, ಇವತ್ತೇ ತವರಿಗೆ ಕರ್ಕೊಂಡು ಹೊರಟ್ರಾ?"

ಮಾತು ಹಾಗಿದ್ದರೂ ಅವನು ಆಗಲೇ ಗಂಟು ಬಿಚ್ಚುತ್ತಿದ್ದ. ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿತು, ಅವನು ಮುಟ್ಟಲಿಲ್ಲ. ಕೊನೆಗೆ ಅವಳ ಅರ್ಜಿ ಎಳೆದು ತೆಗೆದು, ರದ್ದು ಎಂದು ಬರೆದು, ಹೊಸದನ್ನು ಕೊಟ್ಟ. ಐದು ಗಂಟೆಯೊಳಗೆ ಕೊಟ್ಟರೆ ಊರಿನ ಕಚೇರಿಗೆ ತಾನೇ ಕಳಿಸುವೆನೆಂದ.

ಈ ಸಲ ಮೇಡಂ ಪೆನ್ನು ಮುಟ್ಟಲಿಲ್ಲ. ಸೂಜಿಯೇ ಒಂದೊಂದು ಸಾಲನ್ನೂ ಓದಿ, ಕೇಳಿ, ಬರೆದಳು. ಮೊದಲಿನಿಂದ ಇನ್ನೊಮ್ಮೆ ಓದಿಸಿದ ಮೇಲೆ ಮೇಡಂ ಫೋಟೊ ಅಂಟಿಸಲು ಜೊತೆಗೆ ತಂದಿದ್ದ ಅಂಟಿನ ಡಬ್ಬಿಯ ಮುಚ್ಚಳ ತೆಗೆದರು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

ಕಾಲೇಜಿಗೆ ಮರಳಿ ಬೋರ್ಡು ಒರೆಸಿ ‘ನೂರಕ್ಕೆ ತೊಂಬತ್ತೊಂಬತ್ತು’ ಎಂದು ಬರೆದರು. ಪ್ರಿನ್ಸಿಪಾಲರು ಹುಬ್ಬೇರಿಸಿ, ಒಂದು ಕಡಿಮೆಯಾಯಿತಲ್ಲ ಎಂದರು.

"ಕಡಿಮೆ ಆಗಿಲ್ಲ ಸಾರ್, ಸರಿಯಾಗಿದೆ" ಎಂದರು ಮೇಡಂ. ನೂರು ಎಂದು ಬರೆದ ದಿನಕ್ಕಿಂತ ಇಂದೇ ಅವರ ತಲೆ ಎತ್ತರದಲ್ಲಿತ್ತು.

ಮತದಾನ ಮುಗಿದ ಮೂರನೆಯ ದಿನ ಸೂಜಿ ಊರಿನಿಂದ ಮರಳಿ, ಚೀಲವನ್ನೂ ಇಳಿಸದೆ ನೇರ ಲೈಬ್ರರಿಗೆ ಬಂದಳು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅವಳ ತೋಳು ಹಿಡಿದು ನಡೆದರಂತೆ. ಹೊರಗೆ ಬಂದವರೇ ಪಕ್ಕದ ಮನೆಯಾತನಿಗೆ ಕೇಳುವಂತೆ, ‘ಒಂಬತ್ತು ವರ್ಷಕ್ಕೆ ಇವತ್ತು ನಾನೇ ಹಾಕಿದೆ’ ಎಂದರಂತೆ.

"ಯಾರಿಗೆ ಅಂತ ಮಾತ್ರ ಕೇಳಬೇಡಿ ಮೇಡಂ, ಹೇಳಲ್ಲ."

"ಹೇಳಿದ್ರೆ ಕಿವಿ ಹಿಂಡ್ತೀನಿ."

ಸೂಜಿ ನಕ್ಕು, ಚೀಲದಿಂದ ಬಟ್ಟೆ ಹೊದಿಸಿದ ಬುತ್ತಿ ತೆಗೆದಳು. ಹೊದಿಕೆ ತಾತನೇ ಬೆರಳಲ್ಲಿ ತಡವಿ ಹೊಲಿದದ್ದು. ಹೊಲಿಗೆ ಗೆರೆ ಎಳೆದಷ್ಟು ನೇರ. ಗೋಡೆಯ ಮೇಲೆ ‘ಇಲ್ಲಿ ತಿನ್ನಬಾರದು’ ಎಂಬ ಫಲಕವಿತ್ತು. ಅದರತ್ತ ಒಮ್ಮೆ ನೋಡಿ, ಎರಡೂ ಕೈಯಲ್ಲಿ ಬುತ್ತಿಯನ್ನು ಮೇಡಂ ಕೈಗೆ ಕೊಟ್ಟಳು.