ಮೊದಲಿನದೋ, ಇದೋ?

"ಮೊದಲಿನದೇ ವಾಸಿ ಅನ್ಸುತ್ತೆ ರೀ," ಅಂದಳು ಹೆಂಡತಿ, ಮೆಟ್ಟಿಲ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತ.

"ಅನ್ಸುತ್ತೆ ಎಲ್ಲ ಬೇಡ. ಮೊದಲಿನದೋ, ಇದೋ?"

"ಮೊದಲಿನದು."

ಅವಳ ಗಂಡ, ಕನ್ನಡಕದಂಗಡಿಯವನು, ಬೈಕಿನ ಎಡಗಡೆಯ ಕಾರ್ಬೊರೇಟರಿಗೆ ಸ್ಕ್ರೂಡ್ರೈವರ್ ಕೊಟ್ಟು, ಈಗಷ್ಟೇ ಬಿಡಿಸಿದ್ದ ಕಾಲು ಸುತ್ತನ್ನು ವಾಪಸ್ ಬಿಗಿದ. ಎಂಜಿನ್ ಒಮ್ಮೆ ಬಿಕ್ಕಳಿಸಿ, ಒಮ್ಮೆ ಗೊರಗುಟ್ಟಿ, ಮತ್ತೆ ತನ್ನ ಪಾಡಿಗೆ ತಾನು ಕುಂಟತೊಡಗಿತು.

ಬಾಕಿ ದಿನಗಳಲ್ಲಿ ಅವನ ಕಸುಬೂ ಇದೇ ಪ್ರಶ್ನೆಯದು. ಕತ್ತಲೆ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಮುಖಕ್ಕೆ ಚೌಕಟ್ಟು ಹಾಕಿ, ಒಂದು ಗಾಜು ತೆಗೆದು ಇನ್ನೊಂದು ಇಟ್ಟು, ಮೊದಲಿನದೋ ಇದೋ ಅಂತ ಕೇಳುತ್ತ ಕೇಳುತ್ತ ಸರಿಯಾದ ನಂಬರಿಗೆ ಬಂದು ನಿಲ್ಲುತ್ತಾನೆ. ಕಣ್ಣಿಗೆ ನಡೆಯುವ ಉಪಾಯ ಕಿವಿಗೇಕೆ ನಡೆಯಬಾರದು ಅಂತ ಅವನ ಲೆಕ್ಕ. ತನ್ನ ಕಿವಿಯನ್ನು ಅವನು ನಂಬುತ್ತಿರಲಿಲ್ಲ. ಬೆಳಗ್ಗೆಯಿಂದ ಎಂಜಿನ್ನಿಗೆ ಅಂಟಿಕೊಂಡು ಕೂತವನಿಗೆ ಈಗ ಎಲ್ಲವೂ ಒಂದೇ ಥರ ಕೇಳುತ್ತಿತ್ತು.

ಅವನ ಹಳೇ ಗಾಡಿಗೆ ಎರಡು ಸಿಲಿಂಡರು. ಒಂದೊಂದಕ್ಕೂ ಅದರದೇ ಕಾರ್ಬೊರೇಟರು, ಅದರದೇ ಸೈಲೆನ್ಸರು. ಎರಡೂ ಸಮನಾಗಿ ಉಸಿರಾಡಿದರೆ ಆ ಗಾಡಿಗೆ ಸಾಟಿಯಿಲ್ಲ. ಒಂದು ಎಳೆದು ಇನ್ನೊಂದು ಮುನಿಸಿಕೊಂಡರೆ, ಜಗಳವಾಡಿದ ಗಂಡಹೆಂಡಿರು ಸೇರಿ ಮಂಚ ಎತ್ತಿದ ಹಾಗೆ. ಮಂಚ ಬಾಗಿಲಿಗೇ ಸಿಕ್ಕಿಕೊಳ್ಳುತ್ತದೆ.

ಹೋದ ಸಲ ಹಾಗೇ ಆಗಿತ್ತು. ಹೆಂಡತಿಯ ತಂಗಿಯ ಮನೆ ಇರುವುದು ಗುಡ್ಡದ ಮೇಲೆ. ಅರ್ಧ ಏರಿನಲ್ಲಿ ಗಾಡಿ ಕೈಕೊಟ್ಟಿತು. ಅವನು ಮುಂದೆ ಹಿಡಿದು, ಅವಳು ಹಿಂದಿನಿಂದ ತಳ್ಳಿ, ಅವಳ ಎತ್ತರದ ಹಿಮ್ಮಡಿಯ ಹೊಸ ಚಪ್ಪಲಿಯ ಬಾರು ಕಿತ್ತು, ಅದನ್ನು ಕೈಯಲ್ಲಿ ಹಿಡಿದು ಕುಂಟುತ್ತಿದ್ದಾಗ ಷಡ್ಡಕ ಕಾರಿನಲ್ಲಿ ಇಳಿದು ಬಂದ. "ಹತ್ತಿ ಅಕ್ಕಾ," ಅಂದ. ಅವಳು ಹತ್ತಿದಳು. ಷಡ್ಡಕ ಕಿಟಕಿಯಿಂದ ತಲೆ ಹಾಕಿ, "ಭಾವ, ಗಾಡಿಗೂ ಒಂದು ಕನ್ನಡಕ ಕೊಡಿಸಿ. ಪಾಪ, ಏರು ಯಾವುದು ಇಳಿಜಾರು ಯಾವುದು ಕಾಣ್ತಿಲ್ಲ ಅದಕ್ಕೆ," ಅಂದು ಹೊರಟ. ಅವನಂದದ್ದು ಹೋಗಲಿ, ಅವನ ಬಾಯೇ ಅಂಥದು. ಕಾರಿನೊಳಗೆ ಹೆಂಡತಿಯೂ ನಕ್ಕಿದ್ದಳಲ್ಲ, ಅದು ಇವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಇವತ್ತು ಸಂಜೆ ಮತ್ತೆ ಅಲ್ಲಿಗೇ ಊಟಕ್ಕೆ ಕರೆ. ಬೆಳಗ್ಗೆ ಷಡ್ಡಕ ಫೋನ್ ಮಾಡಿ, "ಐದಕ್ಕೆ ಕಾರು ತರಲಾ ಭಾವ?" ಅಂದ. "ಬೇಡ, ಗಾಡಿಯಲ್ಲೇ ಬರ್ತೀವಿ," ಅಂತ ಇವನು ಅನ್ನುವಷ್ಟರಲ್ಲಿ, "ಐದಕ್ಕೆ ಹೇಳ್ತೀವಿ ಅನ್ನಿ," ಅಂತ ಅಡುಗೆಮನೆಯಿಂದ ಅವಳ ದನಿ. ಅದು ಫೋನಿನೊಳಕ್ಕೂ ಹೋಯಿತು. ಆ ಕಡೆಯಿಂದ ನಗುವೂ ಬಂತು.

ಅದಕ್ಕೇ ಕಾರ್ಬೊರೇಟರುಗಳನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಕೂದಲೆಳೆಯಂಥ ತೂತುಗಳನ್ನೆಲ್ಲ ಊದಿ, ಪ್ಲಗ್ಗು ಉಜ್ಜಿ, ಮರಳಿ ಜೋಡಿಸಿದ್ದ. ಉಳಿದದ್ದು ಸಮ ಮಾಡುವ ಕೆಲಸವೊಂದೇ. ಊಟವಾದ ಮೇಲೆ ಅರ್ಧ ಗಂಟೆ ಸಾಕು ಅಂದುಕೊಂಡಿದ್ದ. ಈಗ ಅಂಗಳದ ಬಿಸಿಲು ಗೋಡೆ ಹತ್ತಿತ್ತು.

"ಈಗ?"

"ಈಗ ಚೆನ್ನಾಗಿದೆ."

"ಈಗ?"

"ಇದೂ... ಇಲ್ಲ ಇಲ್ಲ, ಇದು ಅಷ್ಟಿಲ್ಲ. ಮೊದಲಿನದು."

ಮಹಡಿಯ ಮೇಲಿನ ಅಜ್ಜಿ ಕಂಬಿಗೆ ಒರಗಿ ಕೆಳಗೆ ನೋಡಿದರು. "ಅಲ್ಲಪ್ಪಾ, ಇವತ್ತು ಅದನ್ನ ಓಡಿಸ್ತೀಯೋ, ಬರೀ ಕೆಮ್ಮಿಸ್ತೀಯೋ? ಅದಕ್ಕಿಂತ ನಾನು ಕಡಿಮೆ ಕೆಮ್ಮಿದಾಗಲೇ ನನ್ನ ಮಗ ಆಸ್ಪತ್ರೆಗೆ ಸೇರಿಸಿದ್ದ."

"ಆಯ್ತು ಅಜ್ಜಿ, ಇನ್ನೇನು ಆಯ್ತು."

"ಬೆಳಗ್ಗೆನೂ ಹೀಗೇ ಅಂದೆ," ಅಂದು ಅಜ್ಜಿ ಬಾಗಿಲು ಹಾಕಿಕೊಂಡರು.

ಅವನು ಆಕ್ಸಿಲೇಟರ್ ತಿರುವಿದ. ಗಾಡಿ ಢಬ್ ಅಂತ ಒಂದು ಗುಂಡು ಹಾರಿಸಿ ನಿಂತುಹೋಯಿತು. ಸ್ಕ್ರೂಡ್ರೈವರನ್ನು ನೆಲಕ್ಕೆ ಎಸೆದ. ಅದು ಪುಟಿದು ಹೋಗಿ ಗಾಡಿಯ ಕೆಳಗೇ ಸೇರಿತು. ಎಸೆದವನೇ ಮಂಡಿಯೂರಿ ಹುಡುಕಬೇಕಾಯಿತು.

"ಹೇಗೆ ಸಾಧ್ಯ? ಒಂದೊಂದು ಸಲವೂ ನೀನು ಚೆನ್ನಾಗಿದೆ ಅಂದದ್ದನ್ನೇ ಇಟ್ಕೊಂಡು ಬಂದಿದೀನಿ. ಎಲ್ಲ ಚೆನ್ನಾಗಿರೋದನ್ನೇ ಸೇರಿಸಿದ್ರೆ ಹೀಗಾಗುತ್ತಾ?"

ಅವಳು ಆಗಲೇ ಮಡಚಿದ್ದ ಟವಲನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಒಂದು ಮಾತು ಹೇಳಿದ್ರೆ ರೇಗಬಾರದು."

"ಹೇಳು."

"ರೇಗಲ್ಲ ಅನ್ನಿ."

"ರೇಗಲ್ಲ," ಅಂದ, ಆಗಲೇ ಅರ್ಧ ರೇಗಿ.

"ನನಗೆ ಶುರುವಿಂದಲೂ ಎಲ್ಲ ಒಂದೇ ಥರ ಕೇಳಿಸ್ತಿತ್ತು ರೀ."

"ಮತ್ತೆ ಮೊದಲಿನದು, ಇದು ಅಂತ ಹೇಳ್ತಿದ್ದೆಯಲ್ಲ?"

"ನಿಮ್ಮ ಮುಖ ನೋಡಿ ಹೇಳ್ತಿದ್ದೆ. ಯಾವುದಕ್ಕೆ ನಿಮ್ಮ ಹುಬ್ಬು ಮೇಲಕ್ಕೆ ಹೋಗುತ್ತೋ ಅದು ಚೆನ್ನಾಗಿದೆ. ಯಾವುದಕ್ಕೆ ಮೂಗು ಸೊಟ್ಟ ಆಗುತ್ತೋ ಅದು ಅಷ್ಟಿಲ್ಲ."

ಅವನ ಅಂಗಡಿಗೆ ಇಂಥ ಗಿರಾಕಿಗಳು ಎಷ್ಟು ಬಂದಿಲ್ಲ. ಕೇಳುವವನಿಗೆ ಬೇಜಾರಾದೀತು ಅಂತ ಎಲ್ಲ ಗಾಜಿಗೂ ಚೆನ್ನಾಗಿದೆ ಅನ್ನುತ್ತಾರೆ; ಆಮೇಲೆ ಮೆಟ್ಟಿಲು ಎಡವಿ ಕನ್ನಡಕ ವಾಪಸ್ ತರುತ್ತಾರೆ. ಅದಕ್ಕೆಂದೇ ಅವನು ಅಲ್ಲಿ ದೀಪದ ಹಿಂದೆ, ಮುಖ ಕಾಣದ ಹಾಗೆ ನಿಲ್ಲುವುದು. ಇಲ್ಲಿ ನೋಡಿದರೆ ಹಾಡುಹಗಲಲ್ಲಿ, ಎದುರಾಬದುರು ಕೂತು, ತನ್ನ ಹುಬ್ಬನ್ನೇ ತಾನು ಶ್ರುತಿ ಮಾಡಿಕೊಂಡಿದ್ದ.

"ಒಂದು ದಿನ ಪೂರ್ತಿ ಹಾಳು," ಅಂದ.

"ರೇಗಲ್ಲ ಅಂದಿದ್ರಿ."

"ರೇಗ್ತಿಲ್ಲ. ಅಳ್ತಿದೀನಿ."

ಎರಡೂ ಕಡೆಯ ಸ್ಕ್ರೂಗಳನ್ನು ಪೂರ್ತಿ ಬಿಗಿದು, ಮೊದಲಿನಿಂದ ಬಿಡಿಸುತ್ತ ಬಂದ. ಅವಳನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ. ಈಗಲಾದರೂ ನಿಜ ಹೇಳುತ್ತಾಳೆ ಅಂದರೆ, ನಿಜ ಇನ್ನೂ ಕಷ್ಟವಾಯಿತು.

"ಈಗ?"

"ಗೊತ್ತಾಗ್ತಿಲ್ಲ."

"ಈಗ?"

"ಗೊತ್ತಾಗ್ತಿಲ್ಲ."

"ಈಗ?"

"ಈಗ ಗೊತ್ತಾಯ್ತು. ನಿಂತೋಗಿದೆ."

ಅದು ಅವನಿಗೂ ಗೊತ್ತಾಗಿತ್ತು. ಕಿಕ್ ಹೊಡೆದ. ಇನ್ನೊಂದು ಕಿಕ್ಕಿಗೆ ಪೆಡಲು ತಿರುಗಿ ಮೊಣಕಾಲ ಕೆಳಗಿನ ಮೂಳೆಗೇ ಬಡಿಯಿತು. ಕಾಲು ಹಿಡಿದು ಒಂಟಿಕಾಲಲ್ಲಿ ಕುಣಿಯುತ್ತಿದ್ದವನನ್ನು ತಿರುಗಿ ನೋಡಿ, ಅವಳು ನಗು ನುಂಗಿ ಹತ್ತಿರ ಬಂದಳು.

"ಕಿವಿಯ ಸಹವಾಸ ಬಿಡಿ. ಬೇರೆ ಏನಾದ್ರೂ ಕೇಳಿ. ನನಗೆ ಹೇಳಕ್ಕೆ ಬರೋಂಥದ್ದು."

ಅವನು ಸೈಲೆನ್ಸರುಗಳ ಬಾಯನ್ನು ಬಗ್ಗಿ ನೋಡಿದ. ಆಮೇಲೆ ಗಾಡಿ ಚಾಲೂ ಮಾಡಿ, ಅವಳನ್ನು ಅದರ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿ, "ಮುಟ್ಟಬೇಡ, ಸುಡುತ್ತೆ. ಎರಡು ಸೈಲೆನ್ಸರಿನ ಬಾಯಿಂದ ಗೇಣು ದೂರಕ್ಕೆ ಒಂದೊಂದು ಅಂಗೈ ಹಿಡಿ. ಯಾವ ಕೈಗೆ ಗಾಳಿ ಜೋರಾಗಿ ಹೊಡೆಯುತ್ತೆ?" ಅಂದ.

"ಬಲಗೈಗೆ," ಅಂದಳು ತಟ್ಟನೆ. ಅವನ ಮುಖ ಅವಳಿಗೆ ಕಾಣುತ್ತಲೇ ಇರಲಿಲ್ಲ. "ಎಡಗೈಗೆ ಏನೂ ಇಲ್ಲ. ಮಗು ಬೆಂಕಿಕಡ್ಡಿ ಊದಿದಷ್ಟು."

ಎಡಗಡೆಯದನ್ನು ಚೂರು ಬಿಗಿದ.

"ಹಾಂ, ಬಂತು. ಇನ್ನೂ ಸ್ವಲ್ಪ. ಅಯ್ಯೋ, ಜಾಸ್ತಿಯಾಯ್ತು. ಹಿಂದೆ ಬನ್ನಿ. ಸಾಕು ಸಾಕು, ಅಲ್ಲೇ ಇರಿ."

ಆಕ್ಸಿಲೇಟರಿನ ತಂತಿಗಳನ್ನೂ ಹಾಗೇ ಅವಳ ಅಂಗೈ ಕೇಳಿ ಸಮ ಮಾಡಿದ. ಕುಂಟುವ ಸದ್ದು ಹೋಗಿ ಎಂಜಿನ್ ಒಂದೇ ಸಮನೆ ಮಾತಾಡತೊಡಗಿತು. ಅಥವಾ ಅವನಿಗೆ ಹಾಗೆ ಅನ್ನಿಸಿತು. ಆ ಹೊತ್ತಿಗೆ ಅವನು ತನ್ನ ಅನ್ನಿಸಿಕೆಯನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ.

ಒಳಗೆ ಫೋನ್ ಬಡಿದುಕೊಂಡಿತು. ಐದಾಗಿತ್ತು. ಯಾರದೆಂದು ಇಬ್ಬರಿಗೂ ಗೊತ್ತು. ಅವಳು ಎದ್ದಳು. ಅಂಗೈ ಎರಡೂ ಕರಿ. ಅದನ್ನು ಅವನ ಅಂಗಿಯ ಬೆನ್ನಿಗೆ ಒರೆಸಿಕೊಂಡಳು. ಹೇಗೂ ಆ ಅಂಗಿ ಕೆಟ್ಟಾಗಿತ್ತು.

"ಏನು ಹೇಳಲಿ ಅವನಿಗೆ?"

"ನೀನೇ ಹೇಳು. ಇದು ಏರು ಹತ್ತುತ್ತಾ?"

"ನಿಜ ಹೇಳಲಾ?"

ಅವನು ಬೇಕಂತಲೇ ಮುಖವನ್ನು ಟ್ಯಾಂಕಿನ ಕಡೆ ತಿರುಗಿಸಿಕೊಂಡ. "ನಿಜಾನೇ ಹೇಳು."

"ಗೊತ್ತಿಲ್ಲ ರೀ."

ಅವಳು ಒಳಗೆ ಹೋದಳು. ಫೋನಿನ ಸದ್ದು ನಿಂತಿತು. ಅವಳು ಏನಂದಳು ಅನ್ನುವುದು ಎಂಜಿನ್ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ, ಎಂಜಿನ್ ನಿಲ್ಲಿಸಿ ಕೇಳುವ ಧೈರ್ಯವೂ ಇರಲಿಲ್ಲ. ಅವನು ಅಂಗಿ ಬದಲಾಯಿಸಿ ಬಂದರೂ ಅವಳ ಸುಳಿವಿಲ್ಲ. ಕೊನೆಗೆ ಒಳ್ಳೆಯ ಸೀರೆ ಉಟ್ಟು ಹೊರಬಂದಳು. ಬಾರು ಹೊಲಿಸಿಟ್ಟಿದ್ದ ಹಿಮ್ಮಡಿ ಚಪ್ಪಲಿ ಚೀಲದೊಳಗಿಂದ ಇಣುಕುತ್ತಿತ್ತು. ಕಾಲಿಗೆ, ಬೆಳಗಿನ ವಾಕಿಂಗಿಗೆ ಹಾಕುವ ಕ್ಯಾನ್ವಾಸ್ ಬೂಟು. ಮೆಟ್ಟಿಲ ಮೇಲೆ ಕೂತು, ಬೂಟಿನ ಲಾಡಿಯನ್ನು ಎರಡು ಗಂಟು ಹಾಕಿ ಬಿಗಿದು, ಬಂದು ಅವನ ಹಿಂದೆ ಹತ್ತಿ ಕೂತಳು.