ಲಾಭ, ಎರಡು, ಮೂರು

ಕಾಶೆಪ್ಪನಿಗೆ ದನಿ ಇರಲಿಲ್ಲ. ಹದಿಮೂರು ವರ್ಷದಿಂದ ಇರಲಿಲ್ಲ. ಇವತ್ತು ಬೆಳಗಿನಿಂದ ಉಸಿರೂ ಇರಲಿಲ್ಲ. ತುರೋರಿ ಊರಿನ ಮನೆಯ ಪಡಸಾಲೆಯಲ್ಲಿ ಅವನನ್ನು ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಬೆನ್ನನ್ನು ಗೋಡೆಗೆ ಆನಿಸಿ, ದೋತರದಿಂದ ಎದೆಯನ್ನು ಕಿಟಕಿಯ ಸರಳಿಗೆ ಬಿಗಿಯುತ್ತಿದ್ದರು. ಗಂಟು ಹಾಕುತ್ತಿದ್ದವನು ಚಿಕ್ಕಪ್ಪ ಮನ್ಮಥಪ್ಪ. ಮುಂದಕ್ಕೆ ಬಾಗುತ್ತಿದ್ದ ತಲೆಯನ್ನು ಎತ್ತಿ ಹಿಡಿದವನು ವಿರೂಪಾಕ್ಷ. ಉದಗೀರದ ಕಾಲೇಜಿನಿಂದ ಜೊತೆಗಿದ್ದ ಗೆಳೆಯ, ಈಗ ನಿಲಂಗಾದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡವನು.

ಹೆಂಡತಿ ಸುಮಿತ್ರಾಬಾಯಿ ಬಂದು ಗಂಡನ ಕೊರಳಿಗೆ ಬಿಳಿ ಕರವಸ್ತ್ರ ಸುತ್ತಿದಳು. ಗಂಟಲ ಹುಣ್ಣಿಗೆ ಆಪರೇಷನ್ ಮಾಡಿದಾಗ ಅಲ್ಲೊಂದು ತೂತು ಉಳಿದಿತ್ತು. ಅವನು ಉಸಿರಾಡುತ್ತಿದ್ದದ್ದು ಅದರಿಂದಲೇ.

"ಈಗ ಅದ್ಯಾಕ ಬೇ?" ಎಂದ ಮನ್ಮಥಪ್ಪ.

"ಮಣ್ಣ ಹೋಗ್ತದ ಒಳಗ."

ಮನ್ಮಥಪ್ಪ ಗಂಟು ಬಿಗಿದ.

ಮಗಳು ಪ್ರಣಿತಾ ವಿರೂಪಾಕ್ಷನ ಹತ್ತಿರ ಬಂದು ನಿಂತಳು. ಅತ್ತು ಮುಗಿಸಿದ ಮುಖ. "ಕಾಕಾ, ಅಪ್ಪನ ಟೇಪ ತಂದೀರೇನು?"

ವಿರೂಪಾಕ್ಷ ಅಂಗಿಯ ಜೇಬು ಮುಟ್ಟಿಕೊಂಡ. "ತಂದೀನಿ. ಆದ್ರ ಒಳಗ ಎಷ್ಟ ಉಳದದೋ ನನಗೂ ಗೊತ್ತಿಲ್ಲವ್ವಾ."

"ಮಣ್ಣ ಕೊಡೂಕಿಂತ ಮೊದ್ಲ ಕೇಳಬೇಕು ನಾ. ಅಪ್ಪನ ಎದುರಿಗೇ."

ಅಪ್ಪನ ದನಿ ಹೋದಾಗ ಅವಳಿಗೆ ನಾಲ್ಕು ವರ್ಷ. ನೆನಪಿರಲಿಲ್ಲ. ಹೆದ್ದಾರಿ ಪಕ್ಕದ ಚಹಾ ಹೋಟೆಲಿನಿಂದ ಅವನು ಚಮಚದಿಂದ ಗ್ಲಾಸು ಬಡಿದು ಮನೆಯವರನ್ನು ಕರೆಯುತ್ತಿದ್ದ. ನಿಧಾನಕ್ಕೆ ಬಡಿದರೆ ಹೆಂಡತಿ, ಟಿಣಿಟಿಣಿ ಎಂದರೆ ಮಗಳು. ಪ್ರಣಿತಾಳ ಮಟ್ಟಿಗೆ ಅಪ್ಪನ ದನಿ ಎಂದರೆ ಅದೇ.

"ಅಂಥಾ ಚೆಂದನ ದನಿ ಏನಲ್ಲಬೇ ಅದು," ಎಂದಳು ಸುಮಿತ್ರಾಬಾಯಿ. "ಒದರ್ತಿದ್ದ. ತುರೋರ್ಯಾಗ ಒದರಿದ್ರ ಉಮರ್ಗಾದ ಎಮ್ಮಿ ಕಿವಿ ನಿಗರಸ್ತಿದ್ವು."

ಗೋಡೆಗುಂಟ ಕೂತ ಹೆಂಗಸರು ಸೆರಗಿನಲ್ಲಿ ನಕ್ಕರು. ಅವಳು ನಗಲಿಲ್ಲ.

* * *

ಸುತ್ತಲ ಊರುಗಳನ್ನು ಕೆಡವಿದ ಭೂಕಂಪವಾಗಿ ನಾಲ್ಕು ವರ್ಷದ ಮೇಲಿನ ಬೇಸಿಗೆ. ಪುಣೆಯ ಒಂದು ಗಣಕ ಸಂಶೋಧನಾ ಕೇಂದ್ರಕ್ಕೆ ಗಡಿಯ ಕನ್ನಡ ಮಾತಾಡುವ ವಿದ್ಯಾರ್ಥಿಗಳು ಬೇಕಾಗಿದ್ದರು. ಮುಂದೆ ಎಂದಾದರೂ ನೆಲ ನಡುಗಿದರೆ ಹಳ್ಳಿಯವರು ಫೋನ್ ಮಾಡಿ, ಬಿದ್ದ ಮನೆ ಎಷ್ಟು, ಸಿಕ್ಕಿಬಿದ್ದ ಮಂದಿ ಎಷ್ಟು ಎಂದು ಹೇಳಬೇಕು. ಮಶೀನು ತಾನೇ ಕೇಳಿಕೊಂಡು ಬರೆದಿಡಬೇಕು. ಅದಕ್ಕೆ ಮೊದಲು ಅಂಕಿ ಕಲಿಸಬೇಕಲ್ಲ? ಕಾಶೆಪ್ಪ ಮತ್ತು ವಿರೂಪಾಕ್ಷ ರಜೆಯಲ್ಲಿ ಮಶೀನಿಗೆ ಮಾಸ್ತರರಾಗಿ ಹೋದರು.

ಉದಗೀರದ ಉರಿಬಿಸಿಲಿನಿಂದ ಹೋದವರು ಏಸಿ ಕೋಣೆಯಲ್ಲಿ ವೈಶಾಖದ ಮಧ್ಯಾಹ್ನ ಕಂಬಳಿ ಹೊದ್ದು ಕೂತರು. "ಇಲ್ಲಿ ಮಾವಿನಕಾಯಿ ಹುಲ್ಲಾಗ ಇಟ್ರ ಬರೋ ವರ್ಷ ಹಣ್ಣಾಗ್ತಾವ," ಎಂದ ಕಾಶೆಪ್ಪ. ದನಿ ತುಂಬಿಸಿಕೊಳ್ಳುತ್ತಿದ್ದ ಮೇಡಂ ನಕ್ಕಳು. ಮೈಸೂರಿನ ಕಡೆಯವಳು; ಅರ್ಧ ತಿಳಿದಿರಲಿಲ್ಲ.

ದನಿ ತುಂಬುವ ಕೋಣೆಯ ಬಾಗಿಲು ದಪ್ಪನೆಯದು, ಮುಚ್ಚಿದರೆ ಹೊರಗಿನ ಪಿಸುಮಾತೂ ಒಳಗೆ ಬರುವಂತಿರಲಿಲ್ಲ. ಕಾಶೆಪ್ಪ ಬಾಗಿಲ ಸಂದಿಯಲ್ಲಿ ತನ್ನ ಚಪ್ಪಲಿ ತುರುಕಿಯೇ ಒಳಗೆ ಹೋಗುತ್ತಿದ್ದ.

"ಕಾಶೆಪ್ಪ ಅವರೇ, ಚಪ್ಪಲಿ ತೆಗೀರಿ. ಸದ್ದು ಬರುತ್ತೆ."

"ಬರ್ಲಿರೀ ಮೇಡಂ. ನೆಲ ಅಳ್ಳಾಡಿದ್ರ ಓಡಬೇಕಲ್ಲ?"

ಭೂಕಂಪದ ರಾತ್ರಿ ಅವನ ತಾಯಿ ಬಾಗಿಲತನಕ ಬಂದಿದ್ದಳು. ಬಾಗಿಲು ತೆರೆದಿರಲಿಲ್ಲ. ಇದನ್ನು ಅವನು ಮೇಡಂಗೆ ಹೇಳಲಿಲ್ಲ, ವಿರೂಪಾಕ್ಷನೂ ಹೇಳಲಿಲ್ಲ. ಚಪ್ಪಲಿ ಅಲ್ಲೇ ಉಳಿಯಿತು.

ಆದರೆ ಅವನ ಟೇಪು ಕೆಟ್ಟದ್ದು ಚಪ್ಪಲಿಯಿಂದಲ್ಲ. ಅಪ್ಪ ಮಾಣಿಕಪ್ಪ ನಿಲಂಗಾದ ಬಜಾರದಲ್ಲಿ ಕಾಳು ಅಳೆಯುವವ. ಮೊದಲ ಅಳತೆಗೆ ಅವರಲ್ಲಿ ಯಾರೂ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ, ರಾಶಿ ಹೆಚ್ಚಲಿ ಎಂದು. ಕಾಶೆಪ್ಪ ಎಣಿಸಲು ಕಲಿತದ್ದು ಆ ರಾಶಿಯ ಬುಡದಲ್ಲಿ. ಮೈಕಿನ ಮುಂದೆ ಕೂತರೆ ಅವನ ಬಾಯಿಂದ ಬರುತ್ತಿದ್ದದ್ದು, "ಲಾಭ, ಎರಡು, ಮೂರು..."

"ಒಂದು ಅನ್ನಿ."

"ಒಂದು."

"ಸರಿ, ಈಗ ಎಣಿಸಿ."

"ಲಾಭ, ಎರಡು..."

"ಅಯ್ಯೋ!"

"ನಾಲಿಗಿ ತಾನ ಹೋಗ್ತದರೀ ಮೇಡಂ, ನಾ ಕಳ್ಸಿಲ್ಲ."

ವಿರೂಪಾಕ್ಷ ಹೊರಗಿನಿಂದ ಕೂಗಿದ: "ಏ ಶಾಣ್ಯಾ, ಬಿದ್ದ ಮನಿ ಎಣಸೋ ಮಶೀನದು! ಮನಿ ಬಿದ್ರೂ ಲಾಭ ಅಂತ ಬರಕೋತದ!"

ಕಾಶೆಪ್ಪ ನಕ್ಕದ್ದಕ್ಕೆ ಅಂದಿನ ಕೆಲಸ ನಿಂತೇ ಹೋಯಿತು. ಬೇಸಿಗೆ ಮುಗಿದಾಗ ಮೇಡಂ ಒಳ್ಳೆಯ ಟೇಪುಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಕಾಶೆಪ್ಪನದೊಂದನ್ನು ವಿರೂಪಾಕ್ಷನ ಕೈಗೆ ಕೊಟ್ಟಳು. "ಇದು ಮಶೀನಿನ ಉಪಯೋಗಕ್ಕೆ ಬರಲ್ಲ. ಹಾಡು ತುಂಬಿಸಿಕೊಳ್ಳಿ."

* * *

ಕಾಶೆಪ್ಪನ ಗಂಟಲು ಹೋದ ವರ್ಷ ವಿರೂಪಾಕ್ಷ ಪುಣೆಗೆ ಹೋಗಿ ವಿಚಾರಿಸಿದ್ದ. ಆ ಕೆಲಸ ಎಂದೋ ನಿಂತಿತ್ತು. ಕಪಾಟೂ ಇರಲಿಲ್ಲ. ಒಳ್ಳೆಯ ಟೇಪುಗಳೆಲ್ಲ ಹೋಗಿದ್ದವು, ವಿರೂಪಾಕ್ಷನ ತಪ್ಪಿಲ್ಲದ ಒಂದು ಎರಡು ಮೂರೂ ಅವುಗಳ ಜೊತೆಗೇ. ಉಳಿದದ್ದು ಕೆಟ್ಟದ್ದೊಂದು, ನಿಲಂಗಾದ ಅವನ ಮನೆಯಲ್ಲಿ. ಅದನ್ನು ಹೋಟೆಲಿಗೆ ತಂದುಕೊಟ್ಟಾಗ ಕಾಶೆಪ್ಪ ತಿರುಗಿಸಿ ನೋಡಿ, ಗೆಳೆಯನ ಜೇಬಿಗೇ ಮರಳಿ ಇಟ್ಟಿದ್ದ. ಮಗಳತ್ತ ಬೆರಳು ಮಾಡಿ, ಆಮೇಲೆ ನೆಲ ತೋರಿಸಿದ್ದ. ತಾನು ಮಣ್ಣಿಗೆ ಹೋದ ಮೇಲೆ ಅವಳಿಗೆ, ಎಂದು.

"ಕುಣಿ ತಯಾರದ," ಎಂದು ಈಗ ಮನ್ಮಥಪ್ಪ ಅಂಗಳದಿಂದ ಕೂಗಿದ. "ಮಣ್ಣ ಕೊಡಸೋ ಅಯ್ಯನವರು ನಿಲಂಗಾಕ್ಕ ಹೋಗೋರಿದ್ದಾರ. ಏಳ್ರಿ, ಜಲ್ದಿ."

ಭಜನೆಗೆಂದು ತರಿಸಿದ ಮೈಕ್‌ಸೆಟ್ಟು ಬೇವಿನ ಗಿಡದ ಕೆಳಗಿತ್ತು. ಅದಕ್ಕೆ ಹಳೆಯ ಟೇಪಿನ ಬಾಯಿ ಇತ್ತು.

"ಪೆನ್‌ಡ್ರೈವ್ ಇಲ್ಲೇನ್ರಿ?" ಎಂದ ಸೆಟ್ಟಿನವ. ಧೂಳು ಊದಿ ಕ್ಯಾಸೆಟ್ ಹಾಕಿದ. ಗಿಡಕ್ಕೆ ಕಟ್ಟಿದ ತುತ್ತೂರಿಯಂಥ ಭೋಂಗಾ ಕೆಮ್ಮಿತು. ಎಮ್ಮೆ ಗುಟುರು ಹಾಕಿದಂಥ ಸದ್ದೊಂದು ಎಳೆದಾಡಿತು. ಪ್ರಣಿತಾಳ ಮುಖ ಬಿಳಿಚಿತು. "ಇದೇನು?"

"ಬೆಲ್ಟ್ ಸಡ್ಲಾಗದವ್ವಾ, ತಡೀ." ಸೆಟ್ಟಿನವ ಮೇಲೊಂದು ಗುದ್ದು ಹಾಕಿದ.

"ಲಾಭ!" ಎಂದ ಕಾಶೆಪ್ಪ, ಇಡೀ ತುರೋರಿಗೆ ಕೇಳುವಂತೆ.

ಇಪ್ಪತ್ತು ವರ್ಷದ ಹುಡುಗನ ದನಿ. ಹಿಂದೆ ಎಲ್ಲೋ ಮೇಡಂ "ಅಯ್ಯೋ" ಎಂದಳು. ಅವನು ನಕ್ಕ. ಸುಮಿತ್ರಾಬಾಯಿ ಗಂಡನ ಮುಂದೆ ಉರಿಯುತ್ತಿದ್ದ ದೀಪದ ಬತ್ತಿ ಸರಿಮಾಡಲು ಹೋದವಳು ಬೆರಳು ಸುಟ್ಟುಕೊಂಡಳು. "ಅಂವನೇ," ಎಂದಳು. "ಅಂವನೇ ಅಂವಾ."

"ಎರಡು. ಮೂರು. ನಾಕು."

ಬಾಗಿಲ ಹತ್ತಿರ ಕಾಶೆಪ್ಪನ ಅಪ್ಪ, ಮುದುಕ ಮಾಣಿಕಪ್ಪ, ಕೂತಿದ್ದ. ಅವನ ಬಲಗೈ ತೊಡೆಯ ಮೇಲೆ ಆಡತೊಡಗಿತು. ತುಂಬುವುದು, ಸುರಿಯುವುದು, ತುಂಬುವುದು, ಸುರಿಯುವುದು.

"ಐದು. ಆರು."

ಟಕ್ ಎಂದಿತು. ಒಂದು ಕೂಸಿನ ದನಿ ಬಂತು: "ಪಪ್ಪಾ, ಇದ ಚಾಲೂ ಅದ ಏನು?" ಹಿಂದೆ ಕುಕ್ಕರಿನ ಸೀಟಿ. ವಿರೂಪಾಕ್ಷ ತಲೆ ತಗ್ಗಿಸಿದ. "ನಮ್ಮ ಋಷಿಕೇಶ. ಸಣ್ಣಾಂವ ಇದ್ದಾಗ ಬಟನ್ ಒತ್ತ್ಯಾನ."

ಮತ್ತೆ ಟಕ್. "ಹತ್ತು," ಎಂದ ಕಾಶೆಪ್ಪ. ಮುಂದೆ ಬರೀ ಗರಗರ.

ಪ್ರಣಿತಾ ಭೋಂಗಾದ ಕಡೆಗೇ ನೋಡುತ್ತಿದ್ದಳು. "ಇಷ್ಟೇನಾ ಕಾಕಾ?"

"ಇಷ್ಟೇ ಅವ್ವಾ."

"ಆಯ್ತಲ್ಲ, ಇನ್ನ ಏಳ್ರಿ," ಎಂದ ಮನ್ಮಥಪ್ಪ, ಮೊದಲಿನಷ್ಟು ಗಟ್ಟಿಯಾಗಿಯೇನಲ್ಲ.

ಮಾಣಿಕಪ್ಪನ ಕೈ ಆರಕ್ಕೆ ನಿಂತದ್ದು ಇನ್ನೂ ಮೇಲೆಯೇ ಇತ್ತು. "ಲೆಕ್ಕ ತಪ್ತು," ಎಂದ ಅವನು.

"ಎಪ್ಪಾ, ಅದು ಟೇಪ..." ಎಂದ ವಿರೂಪಾಕ್ಷ.

"ಲೆಕ್ಕ ತಪ್ಪಿದ್ರ ಅಳತಿ ನಡಿಯಂಗಿಲ್ಲ. ಮೊದ್ಲಿಂದ ಹಚ್ಚು."

ಬಜಾರದ ಕಾಯದೆ ಅದು. ಸಾಹುಕಾರನೇ ಎದುರಿಗಿದ್ದರೂ ಅಳೆದದ್ದನ್ನು ಮರಳಿ ರಾಶಿಗೆ ಸುರಿದು ಮತ್ತೆ ತೊಡಗಬೇಕು. ಸೆಟ್ಟಿನವ ಮನ್ಮಥಪ್ಪನ ಮುಖ ನೋಡಿದ. ಮನ್ಮಥಪ್ಪ ಹೆಗಲ ಮೇಲಿನ ಟವಲು ತೆಗೆದು, ಕಟ್ಟೆ ಜಾಡಿಸಿ, ಕೂತ.

"ಹಚ್ಚಪ್ಪಾ," ಎಂದ.

ಪ್ರಣಿತಾ ಪಡಸಾಲೆಗೆ ಹೋಗಿ ಅಪ್ಪನ ಪಕ್ಕದಲ್ಲಿ, ಅವನಂತೆಯೇ ಚಕ್ಕಳಮಕ್ಕಳ ಹಾಕಿ, ಗೋಡೆಗೆ ಆತು ಕೂತಳು. ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಬಡಿದುಕೊಂಡು ಹೋಯಿತು. ಅದು ದಾಟಿದ ಮೇಲೆ ಭೋಂಗಾ ಮತ್ತೆ "ಲಾಭ" ಎಂದಿತು, ಮತ್ತೆ ನಕ್ಕಿತು. ಮುದುಕನ ಕೈ ತುಂಬತೊಡಗಿತು.

ಹತ್ತರಲ್ಲಿ ಮೂರು ಹೋಗಿದ್ದವು: ಏಳು, ಎಂಟು, ಒಂಬತ್ತು. ಒಂದು ಮೊದಲಿಗೇ ಇರಲಿಲ್ಲ.